ಅರ್ಧ ಟೊಳ್ಳಿನ ಗಿಟಾರು

ನಮ್ಮ ಚಿಕ್ಕಪ್ಪ ಕಳ್ಳರಾಗಿರಲಿಲ್ಲ. ಸಿಕ್ಕಿಬಿದ್ದಾಗಲಾದರೂ ಕಳ್ಳರಿಗೆ ನಾಚಿಕೆಯಾಗುತ್ತದೆ! ಇವರು ಹೆಂಡತಿಯ ಹೊಲಿಗೆ ಮಿಷನ್ ಮಾರಿ, ಆ ದುಡ್ಡಿನಲ್ಲಿ ಯಾರೋ ನುಡಿಸಿ ಬಿಟ್ಟ ಎಲೆಕ್ಟ್ರಿಕ್ ಗಿಟಾರು ಕೊಂಡು ಮನೆಗೆ ಬಂದ ಠೀವಿಯನ್ನು ನೀವು ನೋಡಬೇಕಿತ್ತು. ಯುದ್ಧ ಗೆದ್ದು ಬಂದ ಮಹಾರಾಜರೂ ಅಷ್ಟು ಎದೆ ಉಬ್ಬಿಸಿರಲಾರರು. ತೀರಿಕೊಂಡವರ ಬಗ್ಗೆ ಹೀಗೆಲ್ಲ ಬರೆಯಬಹುದೇ ಎಂದು ಕೇಳುತ್ತೀರಾ? ಅವರ ಜೊತೆ ಒಂದೇ ಸೂರಿನಡಿ ನಾಲ್ಕು ವರ್ಷ ಇದ್ದು ನೋಡಿ, ಆಮೇಲೆ ಕೇಳಿ.

ಅರವತ್ತರ ದಶಕದ ಮಾತು. ನನಗೆ ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಅಮ್ಮನ ತಂಗಿ, ಅಂದರೆ ನನ್ನ ಚಿಕ್ಕಮ್ಮ, ಅದೇ ಊರಿನಲ್ಲಿದ್ದಳು. ಮಕ್ಕಳಿಲ್ಲದ ಮನೆ, ನಾನು ಅಲ್ಲೇ ಉಳಿದುಕೊಂಡೆ. ಚಿಕ್ಕಪ್ಪನಿಗೆ ಕರೆಂಟ್ ಆಫೀಸಿನಲ್ಲಿ ಮೀಟರ್ ಓದುವ ಕೆಲಸ. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಗುಬ್ಬಿಗೂ ಕುಣಿಗಲ್ಲಿಗೂ ಹೋಗಿ, ಮನೆಮನೆಯ ಮೀಟರ್ ನೋಡಿ ಬರೆದುಕೊಂಡು ಬರುತ್ತಿದ್ದರು. ಅವರಿದ್ದ ಬಾಡಿಗೆ ಮನೆಯಲ್ಲಿ ಮಾತ್ರ ಸೀಮೆಎಣ್ಣೆ ದೀಪ! ಕರೆಂಟ್ ಹಾಕಿಸಿದರೆ ಬಾಡಿಗೆಯವರು ಸುಖಕ್ಕೆ ಒಗ್ಗಿ ಮನೆ ಖಾಲಿ ಮಾಡುವುದಿಲ್ಲ ಎಂಬುದು ಮನೆಯ ಯಜಮಾನರ ಸಿದ್ಧಾಂತ. ಅಂಥ ಮನೆಗೆ ಎಲೆಕ್ಟ್ರಿಕ್ ಗಿಟಾರು ತಂದ ಮಹಾನುಭಾವರು ಇವರು.

ಅದಕ್ಕೆ ಮೊದಲು ಕೊಳಲಾಗಿತ್ತು, ಮ್ಯಾಂಡೊಲಿನ್ ಆಗಿತ್ತು, ಬುಲ್‌ಬುಲ್ ತರಂಗ್ ಆಗಿತ್ತು. ಯಾವುದನ್ನೂ ಅವರು ಪೂರ್ತಿ ಕಲಿತವರಲ್ಲ, ಯಾವುದನ್ನೂ ನೆರೆಯವರು ಪೂರ್ತಿ ಸಹಿಸಿದವರಲ್ಲ.

ಗುಬ್ಬಿಯಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬ ಆಂಗ್ಲೋ ಇಂಡಿಯನ್ ಮುದುಕರಿದ್ದರು. ಗಂಡ ಹೆಂಡತಿ ಇಬ್ಬರೂ ಆಸ್ಟ್ರೇಲಿಯಾಕ್ಕೆ ಹೊರಟಿದ್ದರಿಂದ ಮನೆಯ ಸಾಮಾನು ಮಾರುತ್ತಿದ್ದರು. ಮೀಟರ್ ನೋಡಲು ಹೋದ ಚಿಕ್ಕಪ್ಪನ ಕಣ್ಣಿಗೆ ಅವರ ಮಗನ ಗಿಟಾರು ಬಿತ್ತು. ಕೆಂಪು ಬಣ್ಣ, ಪಿಟೀಲಿಗೆ ಇರುವಂಥ ಎರಡು ಸೀಳು. ವ್ಯಾಪಾರದ ಕಥೆಯನ್ನು, ಗಿಟಾರು ಮನೆಗೆ ಬಂದ ಮೇಲೆ, ಅವರೇ ನಮಗೆ ಹೆಮ್ಮೆಯಿಂದ ಅಭಿನಯಿಸಿ ತೋರಿಸಿದರು.

ಎತ್ತಿನ ಹಲ್ಲು ಹಿಡಿದು ನೋಡುವವರ ಹಾಗೆ ಗಿಟಾರನ್ನು ತಿರುಗಿಸಿ, ಮಗುಚಿ, ಬೆರಳಿನಿಂದ ಕುಟ್ಟಿ, "ಒಳಗೆ ಟೊಳ್ಳಾ, ಗಟ್ಟೀನಾ?" ಎಂದು ಕೇಳಿದರಂತೆ.

"ಅರ್ಧ ಟೊಳ್ಳು, ಮಿಸ್ಟರ್," ಎಂದರಂತೆ ಆ ಮುದುಕರು. "ಮಧ್ಯ ಗಟ್ಟಿ ಮರ ಇದೆ. ಎರಡು ಪಕ್ಕ ಖಾಲಿ. ತುಂಬಾ ಒಳ್ಳೆ ಸೌಂಡ್ ಬರ್ತದೆ."

"ಸೌಂಡ್ ಎಲ್ಲಿ ಸಾರ್? ನುಡಿಸಿದ್ರೆ ಏನೂ ಕೇಳಿಸ್ತಿಲ್ಲ!"

"ಅದಕ್ಕೆ ಆಂಪ್ಲಿಫೈಯರ್ ಬೇಕು. ಅದು ಹೋದ ವಾರ ಕುಣಿಗಲ್ ಮೈಕ್‌ಸೆಟ್‌ನವನಿಗೆ ಕೊಟ್ಟಾಯ್ತು."

ಬುದ್ಧಿಯಿದ್ದವರು ಅಲ್ಲಿಂದಲೇ ಎದ್ದು ಬರುತ್ತಿದ್ದರು. ಇವರು ಮುಂಗಡ ಕೊಟ್ಟು ಬಂದರು!

ಉಳಿದ ದುಡ್ಡಿಗೆ ಚಿಕ್ಕಮ್ಮನ ಮಿಷನ್ ಹೋಯಿತು. ಆ ಮಿಷನ್ ಯಾರೂ ಅವಳಿಗೆ ಕೊಡಿಸಿದ್ದಲ್ಲ. ವರ್ಷಗಟ್ಟಲೆ ಕೈಯಲ್ಲಿ ರವಿಕೆ ಹೊಲಿದು, ತಾನೇ ಕೂಡಿಸಿ ಕೊಂಡದ್ದು. ಬೀದಿಯ ಅರ್ಧ ಹೆಂಗಸರು ಅವಳು ಹೊಲಿದ ರವಿಕೆಯನ್ನೇ ಹಾಕುತ್ತಿದ್ದರು. ಚಿಕ್ಕಪ್ಪ ಒಂದು ಸೋಮವಾರ, "ಯಾಕೋ ಕಿರ್‌ಗುಟ್ತಿದೆ ಕಣೇ. ಗುಬ್ಬೀಲಿ ಒಬ್ಬ ಒಳ್ಳೆ ರಿಪೇರಿಯವನಿದಾನೆ, ಎಣ್ಣೆ ಹಾಕಿಸಿ ತರ್ತೀನಿ" ಎಂದು ಮಿಷನ್ನನ್ನು ಹೊತ್ತುಕೊಂಡು ಹೋದರು. ನನ್ನ ಕೈಯಲ್ಲೇ ಅದನ್ನು ಹಳೇ ಸೀರೆಯಲ್ಲಿ ಸುತ್ತಿಸಿದರು. ಅದು ನನಗೆ ಇವತ್ತಿಗೂ ಉರಿಯುತ್ತದೆ.

ಶನಿವಾರ ಸಂಜೆ ಸೈಕಲ್ ಹಿಂದೆ ಉದ್ದನೆಯ ಕಪ್ಪು ಪೆಟ್ಟಿಗೆ ಕಟ್ಟಿಕೊಂಡು ಬಂದರು. ಚಿಕ್ಕಮ್ಮ ಬಾಗಿಲಿಗೆ ಓಡಿ ಬಂದಳು. "ಮಿಷನ್ ಇಷ್ಟುದ್ದ ಹೆಂಗಾಯ್ತು ರೀ?"

ಅವರು ಪೆಟ್ಟಿಗೆ ತೆರೆದು ತೋರಿಸಿದರು. ಗುಬ್ಬಿಯ ದರ್ಜಿಯೊಬ್ಬನಿಗೆ ಮಿಷನ್ ಮಾರಿದ್ದನ್ನೂ ಅದೇ ಉಸಿರಿನಲ್ಲಿ ಹೇಳಿದರು. ಚಿಕ್ಕಮ್ಮ ಗಿಟಾರನ್ನೂ ಅವರನ್ನೂ ನೋಡಿದಳು.

"ಎಣ್ಣೆ ಹಾಕಿಸಿ ತರ್ತೀನಿ ಅಂದಿದ್ರಿ."

"ಇದಕ್ಕೆ ಎಣ್ಣೇನೇ ಬೇಕಾಗಿಲ್ಲ ಕಣೇ!" ಎಂದರು ಚಿಕ್ಕಪ್ಪ.

ನಗು ಬಂತೇ? ಆವತ್ತು ನಮ್ಮ ಮನೆಯಲ್ಲಿ ಯಾರಿಗೂ ಬರಲಿಲ್ಲ. ಮಾರನೆಯ ದಿನ ಚಿಕ್ಕಮ್ಮ ಮನೆಮನೆಗೆ ಹೋಗಿ, ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ಹಾಗೇ ವಾಪಸು ಕೊಟ್ಟು ಬಂದಳು. ಆಮೇಲೆ ಕತ್ತರಿ, ಟೇಪು, ಎರಡು ಸೀರೆ ಚೀಲಕ್ಕೆ ಹಾಕಿಕೊಂಡು, ಊರ್ಡಿಗೆರೆಯಲ್ಲಿದ್ದ ಅಣ್ಣನ ಮನೆಗೆ ಬಸ್ಸು ಹತ್ತಿದಳು. ಅತ್ತಿದ್ದರೆ ತಡೆಯಬಹುದಿತ್ತು. ಅವಳು ಅಳಲಿಲ್ಲ.

ಅಲ್ಲಿಂದ ಅಡುಗೆ ನನ್ನ ತಲೆಗೆ ಬಂತು. ಬೆಳಗ್ಗೆ ಬೇಯಿಸಿಟ್ಟು ಕಚೇರಿಗೆ ಓಡುವುದು, ಸಂಜೆ ಬಂದು ಮತ್ತೆ ಒಲೆ ಊದುವುದು. ಚಿಕ್ಕಪ್ಪ ಗೋಡೆಗೆ ಒರಗಿ ಗಿಟಾರು ಮೀಟುತ್ತಿದ್ದರು. ಕರೆಂಟಿಲ್ಲದ ಆ ಗಿಟಾರು ಪರದೆಯೊಳಗೆ ಸಿಕ್ಕಿಕೊಂಡ ಸೊಳ್ಳೆಯ ಹಾಗೆ ಗುಂಯ್‌ಗುಟ್ಟುತ್ತಿತ್ತು.

"ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ ಆಯ್ತಲ್ವೇನಮ್ಮಾ?" ಎಂದರು ಒಂದು ದಿನ.

"ಗಿಟಾರಿಗೆ ಹೇಳಿ, ಹಾಕುತ್ತೆ," ಎಂದೆ. ನಾನು ಅವರೊಂದಿಗೆ ಆ ತಿಂಗಳಲ್ಲಿ ಆಡಿದ ಅತಿ ದೀರ್ಘವಾದ ಮಾತು ಅದು.

ಕೊನೆಗೆ ಕುಣಿಗಲ್ಲಿನ ಮೈಕ್‌ಸೆಟ್‌ನವನನ್ನು ಪತ್ತೆ ಮಾಡಿದರು. ಆಂಪ್ಲಿಫೈಯರ್ ಮಾರಲು ಅವನು ಒಪ್ಪಲಿಲ್ಲ. ಬೇಕಾದರೆ ಒಂದು ಮದುವೆಯಲ್ಲಿ, ಊಟದ ಹೊತ್ತಿಗೆ, ಎರಡು ಹಾಡು ನುಡಿಸಿ ಎಂದ. ಆ ಮದುವೆ ಯಾರದೆಂದುಕೊಂಡಿರಿ? ನಮ್ಮ ಕಚೇರಿಯ ಹೆಡ್ ಕ್ಲರ್ಕ್ ಮಗಳದು! ನಾನು ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದೆ.

ಊಟದವರೆಗೆ ಕಾಯುವ ತಾಳ್ಮೆ ನಮ್ಮವರಿಗೆಲ್ಲಿ? ಸುಮ್ಮನೆ ಒಂದು ಸಲ ಪರೀಕ್ಷೆ ಮಾಡಿ ನೋಡೋಣ ಎಂದು ವೈರು ಸಿಕ್ಕಿಸಿ, ಸ್ಪೀಕರಿನ ಮುಂದೆಯೇ ನಿಂತರು. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ!" ಎಂದರು. ಓಲಗದವರು ಬಾಯಿಗೆ ನಾಗಸ್ವರ ಇಡುವ ಮೊದಲೇ ಗಿಟಾರು ತನ್ನಷ್ಟಕ್ಕೆ ತಾನೇ "ಊಂ...ಯ್ಯ್ಯ್" ಎಂದು ಊಳಿಡತೊಡಗಿತು. ಚಪ್ಪರದ ನಾಲ್ಕೂ ಮೂಲೆಯ ಹಾರ್ನುಗಳೂ ಊಳಿಟ್ಟವು! ಯುದ್ಧದ ಸೈರನ್ ಸದ್ದು ಜನ ಇನ್ನೂ ಮರೆಯದಿದ್ದ ಕಾಲ. ಯಾರೋ "ಸೈರನ್!" ಎಂದು ಕಿರುಚಿದರು. ವರನ ಅಜ್ಜಿ ಹಸೆಮಣೆಯ ಪಕ್ಕದಲ್ಲೇ ಬೋರಲು ಮಲಗಿದರು. ವರನ ಕೈಯಲ್ಲಿದ್ದ ತಾಳಿ ನಡುದಾರಿಯಲ್ಲಿ ನಿಂತಿತು.

"ಸ್ವಾಮೀ, ನಿಮ್ಮ ಕಾಲಿಗ್ ಬೀಳ್ತೀನಿ, ಆ ವೈರ್ ಕಿತ್ ಬುಡಿ! ಇಲ್ಲಾಂದ್ರೆ ನನ್ನ ಸೆಟ್ಟನ್ನೇ ಕಿತ್ತಾಕ್ತಾರೆ!" ಎಂದು ಮೈಕ್‌ಸೆಟ್‌ನವನು ಓಡಿ ಬಂದ.

ವಾಪಸು ಬರುವಾಗ ಬಸ್ಸಿನಲ್ಲಿ ಚಿಕ್ಕಪ್ಪ ವಿವರಣೆ ಕೊಟ್ಟರು. "ಟೊಳ್ಳು ಜಾಗಕ್ಕೆ ಸದ್ದು ಹೊಕ್ಕು ಸುತ್ತಿಕೊಳ್ತಮ್ಮಾ. ನಾದ ಸ್ವಲ್ಪ ಜಾಸ್ತಿ ಆಯ್ತು, ಅಷ್ಟೇ." ಹೆಡ್ ಕ್ಲರ್ಕ್ ನನಗೆ ಆರು ತಿಂಗಳು ಬರೀ ಹಳೇ ಕಡತಗಳನ್ನೇ ಟೈಪ್ ಮಾಡಲು ಕೊಟ್ಟರು, ಅಷ್ಟೇ.

ಇಷ್ಟಾದ ಮೇಲಾದರೂ ಗಿಟಾರು ಮಾರಿದರೇ? ಇಲ್ಲ. ಮುಂದಿನ ಭಾನುವಾರ ಅದನ್ನು ಸೈಕಲ್ಲಿಗೆ ಕಟ್ಟಿದರು. "ಊರ್ಡಿಗೆರೆಗೆ ಹೋಗ್ತೀನಿ. ಅವಳ ಮುಂದೆ ಕೂತು ನುಡಿಸ್ತೀನಿ. ಕೇಳಿದ್ರೆ ಬಂದ್ಬಿಡ್ತಾಳೆ ನೋಡು!" ಎಂದು ಹೊರಟರು. ಇಂಥ ಗಂಡಸರಿಗೆ ಈ ನಂಬಿಕೆಯನ್ನು ಯಾರು ಕೊಡುತ್ತಾರೋ!

ಊರ್ಡಿಗೆರೆ ಇನ್ನೇನು ಸಿಕ್ಕಿತು ಎನ್ನುವಾಗ ಇಳಿಜಾರಿನಲ್ಲಿ ಸೈಕಲ್ ಜಾರಿತು. ಗಿಟಾರು ಕೆಳಗೆ ಬೀಳಬಾರದೆಂದು ಎಡಗೈ ಊರಿದರು. ಮಣಿಕಟ್ಟು ಎರಡು ಕಡೆ ಮುರಿಯಿತು. ಗಿಟಾರಿಗೆ ಒಂದು ಗೀರೂ ಬೀಳಲಿಲ್ಲ! ದಾರಿಯಲ್ಲಿ ಹೋಗುತ್ತಿದ್ದ ಗಾಡಿಯವರು ಅವರನ್ನು ಎತ್ತಿ ಹಾಕಿಕೊಂಡು, ಕೇಳಿ ವಿಚಾರಿಸಿ, ಚಿಕ್ಕಮ್ಮನ ಅಣ್ಣನ ಮನೆ ಮುಂದೆ ಇಳಿಸಿದರು.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿ, ಚಿಕ್ಕಮ್ಮನೇ ಅವರನ್ನು ತುಮಕೂರಿಗೆ ಕರೆತಂದಳು. ಚೀಲದಿಂದ ಕತ್ತರಿ, ಟೇಪು ತೆಗೆದು ಹಳೆಯ ಜಾಗದಲ್ಲಿ ಇಟ್ಟಳು.

"ಮಾಫ್ ಮಾಡ್ಬಿಟ್ಯಾ ಚಿಕ್ಕಮ್ಮಾ?" ಎಂದು ಕೇಳಿದೆ. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

"ಯಾರು ಮಾಡಿದ್ದು? ಪಂಚೆ ಕಟ್ಕೊಳೋಕಾಗಲ್ಲ ಅವ್ರಿಗೆ. ನೀನು ಕಟ್ತೀಯಾ?"

ಪ್ಲಾಸ್ಟರ್ ತೆಗೆದ ಮೇಲೆ ಚಿಕ್ಕಪ್ಪನಿಗೆ ಎಡಗೈ ಬೆರಳುಗಳನ್ನು ಮಡಚಲಾಗಲಿಲ್ಲ. ಮೀಟರ್ ಓದಲು ಅದರಿಂದ ತೊಂದರೆಯಿರಲಿಲ್ಲ, ಗಿಟಾರಿಗೆ ಮಾತ್ರ ಆ ಕೈ ಬೇಕಾಗಿತ್ತು. ಮಿಷನ್ನನ್ನು ವಾಪಸು ಕೇಳಲು ಗುಬ್ಬಿಗೆ ಹೋಗಿ ಬಂದರು. ದರ್ಜಿ ಅದನ್ನು ಮಗಳ ಜೊತೆ ಗಂಡನ ಮನೆಗೆ ಕಳಿಸಿಬಿಟ್ಟಿದ್ದ. ಚಿಕ್ಕಮ್ಮ ಮತ್ತೆ ಕೈಯಲ್ಲಿ ಹೊಲಿಯಲು ಕೂತಳು. ಗಂಡನಿಗೆ ಬಡಿಸುತ್ತಿದ್ದಳು, ಅಂಗಿಯ ಗುಂಡಿ ಹಾಕುತ್ತಿದ್ದಳು. ಮಾತು ಮಾತ್ರ ಇಲ್ಲ. "ಅವರಿಗೆ ನೀರು ಕಾದಿದೆ ಅಂತ ಹೇಳು" ಎಂದು ಅವರೆದುರಿಗೇ ನನಗೆ ಹೇಳುತ್ತಿದ್ದಳು. ನಾಲ್ಕು ತಿಂಗಳು ಹೀಗೇ ನಡೆಯಿತು. ಅವರಿಗೆ ಸರಿಯಾಗಿ ಆಯ್ತು ಎಂದುಕೊಂಡೆ ನಾನು.

ಒಂದು ಶನಿವಾರ ಅರ್ಧ ದಿನ ಕಚೇರಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದೆ. ಬಾಗಿಲು ಅರೆ ತೆರೆದಿತ್ತು, ಒಳಗೆ ಸಣ್ಣಗೆ ತಂತಿಯ ಸದ್ದು. ಮುರಿದ ಕೈಯಲ್ಲಿ ಹೇಗೆ ನುಡಿಸುತ್ತಿದ್ದಾರೆ ಎಂದು ಬಾಗಿಲ ಸಂದಿಯಿಂದ ನೋಡಿದೆ.

ಚಿಕ್ಕಪ್ಪ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯಲ್ಲಿ ಮೀಟುತ್ತಿದ್ದರು. ಅವರ ಎಡಕ್ಕೆ ಭುಜಕ್ಕೆ ಭುಜ ತಾಗಿಸಿ ಚಿಕ್ಕಮ್ಮ ಕೂತಿದ್ದಳು. ಗಿಟಾರಿನ ಕತ್ತಿನ ಮೇಲೆ, ಪಟ್ಟಿಗಳ ನಡುವಿನ ಮನೆಗಳಲ್ಲಿ, ತಂತಿಗಳನ್ನು ಒತ್ತುತ್ತಿದ್ದದ್ದು ಅವಳ ಬೆರಳುಗಳು.

"ಎರಡನೇ ತಂತಿ. ಇನ್ನೊಂದ್ ಮನೆ ಮೇಲೆ... ಹಾಂ, ಗಟ್ಟಿಯಾಗಿ ಒತ್ತು."

"ಒತ್ತಿದೀನಲ್ರೀ."

"ನೋಯ್ತದಾ? ನೋಯೋದಾದ್ರೆ ಬೇಡ ಬಿಡು."

"ಸುಮ್ನೆ ನುಡಿಸ್ರೀ."

ನಾಲ್ಕು ಸ್ವರ ಸರಿಯಾಗಿ ಬಂತು. ಐದನೆಯದು ಕೆಟ್ಟಿತು.

"ತಪ್ಪಾಯ್ತು," ಎಂದರು ಚಿಕ್ಕಪ್ಪ.

"ನಂದಲ್ಲ, ನಿಮ್ದು."

ಚಿಕ್ಕಪ್ಪ ಮೀಟುವುದನ್ನು ನಿಲ್ಲಿಸಿದರು. ತಂತಿಯ ಮೇಲಿದ್ದ ಅವಳ ಬೆರಳುಗಳನ್ನು ನೋಡಿದರು. ಸೂಜಿ ಚುಚ್ಚಿ ಚುಚ್ಚಿ ತುದಿಯೆಲ್ಲ ಒರಟಾಗಿತ್ತು.

"ಹೂಂ ಕಣೇ," ಎಂದರು. "ನಂದೇ ತಪ್ಪು."

ಚಿಕ್ಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಬೆರಳನ್ನು ಮತ್ತೆ ಅದೇ ಮನೆಯ ಮೇಲೆ ಇಟ್ಟಳು.

"ಮೊದಲಿಂದ ನುಡಿಸಿ," ಎಂದಳು.

ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಸದ್ದಾಗದಂತೆ ಹೊರಗೆ ಮೆಟ್ಟಿಲ ಮೇಲೆ ಕೂತೆ.