ಟೆಲಿ ಅಂದರೆ ಯಾರು?

ಪಾಠ ಹೇಳುವವಳ ಮಾನ ಕಳೆಯಲು ಹೊರಗಿನವರು ಬೇಕಿಲ್ಲ, ಅವಳು ಹೇಳಿಕೊಟ್ಟ ಪಾಠವೇ ಸಾಕು. ನನಗಂತೂ ಇದು ಆಗುತ್ತಲೇ ಇರುತ್ತದೆ. ಕುಕ್ ಟೌನಿನ ಹಳೇ ಬಂಗಲೆಯೊಂದರ ಮಹಡಿಯಲ್ಲಿ, ಆಫೀಸು ಮುಗಿಸಿ ಬರುವವರಿಗೆ ಸಂಜೆ ಹೊತ್ತು ಇಂಗ್ಲಿಷ್ ಪದಗಳನ್ನು ಕಲಿಸುತ್ತೇನೆ. ಗ್ರೀಕ್, ಲ್ಯಾಟಿನ್ ಬೇರು ಗೊತ್ತಿದ್ದರೆ ಎಂಥ ಉದ್ದದ ಪದವನ್ನೂ ಬಿಡಿಸಬಹುದು. ಬೇರು ಮರೆಯದಿರಲು ನನ್ನದೊಂದು ಉಪಾಯವಿದೆ: ಒಂದೊಂದನ್ನೂ ನಿಮಗೆ ಗೊತ್ತಿರುವ ಯಾರಿಗಾದರೂ ಅಂಟಿಸಿಬಿಡಿ. ಎಡವಟ್ಟುಗಳೆಲ್ಲ ಶುರುವಾಗುವುದು ಇಲ್ಲಿಂದಲೇ.

ನೀರು

‘ಹೈಡ್ರೋ’ ಅಂದರೆ ನೀರು, ಯಾರಿಗೆ ಅಂಟಿಸ್ತೀರಿ ಅಂತ ಕೇಳಿದೆ. ದೊಡ್ಡನೆಕ್ಕುಂದಿಯಲ್ಲಿ ರೂಮು ಮಾಡಿಕೊಂಡಿರುವ ಕಲಬುರಗಿಯವರೊಬ್ಬರು ಎದ್ದು ನಿಂತರು.

“ನಮ್ಮ ಓನರ್‌ಗೆ ರೀ ಮೇಡಂ. ಮೋಟರ್ ಸ್ವಿಚ್ಚು ಅವರ ಕೈಯಾಗೇ ಅದ.”

ಮರುದಿನ ‘ಫೋಬಿಯಾ’ ಅಂದರೆ ಭಯ ಅಂತ ಹೇಳಿಕೊಟ್ಟೆ. ಟೆಸ್ಟಿನಲ್ಲಿ ‘ಹೈಡ್ರೋಫೋಬಿಯಾ’ ಕೊಟ್ಟಿದ್ದಕ್ಕೆ ಅವರು ಬರೆದಿದ್ದರು: ‘ಮನೆ ಓನರ್ ಕಂಡರೆ ಆಗುವ ಭಯ.’ ನಾನೂ ಬಾಡಿಗೆ ಮನೆಯವಳೇ. ಪೂರ್ತಿ ಅಂಕ ಕೊಟ್ಟೆ.

ದೂರ

‘ಟೆಲಿ’ ಅಂದರೆ ದೂರ. “ನಿಮ್ಗೆ ಯಾರು ಮೇಡಂ?” ಅಂತ ಕ್ಲಾಸು ನನ್ನನ್ನೇ ಕೇಳಿತು. ಯೋಚಿಸದೆ ಹೇಳಿಬಿಟ್ಟೆ: ನಮ್ಮ ಯಜಮಾನರು. ಅವರು ಬೀದರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾರೆ. ಶನಿವಾರ ರಜೆ ಸಿಕ್ಕ ವಾರ ಬರುತ್ತಾರೆ, ಅವರ ಬಟ್ಟೆ ಒಣಗುವುದರೊಳಗೆ ಮತ್ತೆ ಹೊರಟಿರುತ್ತಾರೆ.

ಅಂದಿನಿಂದ ‘ಟೆಲಿಫೋನ್’ ಅಂದರೆ ನಮ್ಮ ಯಜಮಾನರ ದನಿ, ‘ಟೆಲಿವಿಷನ್’ ಅಂದರೆ ವಿಡಿಯೋ ಕಾಲಿನಲ್ಲಿ ಅವರ ಮುಖ. ‘ಟೆಲಿಪಥಿ’ ಬಂದಾಗ, ‘ಪಥಿ’ ಅಂದರೆ ಒಳಗಾಗುವ ಸಂಕಟ ಅಂತ ಬಿಡಿಸಿದೆ.

ಮುಂದಿನ ಬೆಂಚಿನ ಹುಡುಗಿ ಕೇಳಿದಳು, “ಸಂಕಟ ಅವ್ರಿಗಾ, ನಿಮ್ಗಾ ಮೇಡಂ?”

ನಾನು ತಿರುಗಿ, ಏನೂ ಬರೆಯದ ಬೋರ್ಡನ್ನು ಚೆನ್ನಾಗಿ ಒರೆಸಿದೆ.

ಹೊರುವವರು

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಯಜಮಾನರಿಗೂ ಕಲಿಯುವ ಹುಮ್ಮಸ್ಸು ಬಂತು. “ನನಗೂ ಒಂದು ಹೇಳ್ಕೊಡೇ.”

“ಟ್ರಾನ್ಸ್‌ಫರ್ ತಗೊಳ್ರೀ. ‘ಟ್ರಾನ್ಸ್’ ಅಂದ್ರೆ ಆಚೆಗೆ, ‘ಫರ್’ ಅಂದ್ರೆ ಹೊರೋದು.”

“ಅದಕ್ಕೇ ಕಣೇ, ಎಷ್ಟು ಸಲ ಕೇಳಿದ್ರೂ ಆಗ್ತಿಲ್ಲ. ನನ್ನ ತೂಕಕ್ಕೆ ಹೊರೋರು ಸಿಗ್ತಿಲ್ಲ.”

ಹೊಟ್ಟೆ ಹಿಡಿದುಕೊಂಡು ನಕ್ಕೆ. ಫೋನ್ ಇಟ್ಟ ಮೇಲೆ ಅಳು ಬಂತು. ಮನೆಯಲ್ಲಿ ಒಬ್ಬಳೇ ಕೂತು ಎಷ್ಟು ದಿನ ಇವರನ್ನು ಬರೀ ದನಿಯಾಗಿ ಇಟ್ಟುಕೊಳ್ಳಲಿ ಅನ್ನಿಸಿತು. ಅಡುಗೆಮನೆಗೆ ಹೋದರೆ, ಅಭ್ಯಾಸಬಲ, ಅನ್ನಕ್ಕೆ ಇಬ್ಬರ ಅಕ್ಕಿ ಇಟ್ಟಿದ್ದೆ. ಉಳಿದದ್ದು ಮರುದಿನ ಕ್ಲಾಸಿಗೆಲ್ಲ ಒಂದೊಂದು ತುತ್ತು ಚಿತ್ರಾನ್ನ.

ತಪ್ಪು ಉತ್ತರ

ಮೊನ್ನೆ ಪರೀಕ್ಷೆಯ ಹಿಂದಿನ ಸಂಜೆ, ಬೋರ್ಡಿನ ಕಡೆ ಮುಖ ಮಾಡಿ ಬೇರುಗಳನ್ನು ಬರೆಯುತ್ತಾ ಒಂದೊಂದಾಗಿ ಕೇಳುತ್ತಿದ್ದೆ.

“ಟೆಲಿ ಅಂದ್ರೆ?”

“ನಿಮ್ಮ ಯಜಮಾನ್ರು!” ಇಡೀ ಕ್ಲಾಸು ಕೂಗಿತು.

“ತಪ್ಪು,” ಅಂತ ಬಾಗಿಲ ಕಡೆಯಿಂದ ಒಂದು ದನಿ.

ತಿರುಗಿದೆ. ದೊಡ್ಡ ಸೂಟ್‌ಕೇಸು, ಬಗಲಲ್ಲಿ ಸುತ್ತಿದ ಹಾಸಿಗೆ, ಅವುಗಳ ನಡುವೆ ನಮ್ಮ ಯಜಮಾನರು. “ಸೋಮವಾರದಿಂದ ಇಂದಿರಾನಗರ ಬ್ರಾಂಚು ಕಣೇ. ಬೇರೆ ಉದಾಹರಣೆ ನೋಡ್ಕೋ.”

ಕ್ಲಾಸು ಚಪ್ಪಾಳೆ ತಟ್ಟಿತು. ನನಗೆ ಕಣ್ಣು ಮಂಜಾಯಿತು. ಕಲಬುರಗಿಯವರು ಮಾತ್ರ ಗಾಬರಿಯಿಂದ ಎದ್ದು ನಿಂತರು.

“ಸರ್, ಸೋಮವಾರ ಬರಬಾರದಿತ್ತೇನ್ರೀ? ನಾಳೆ ಪರೀಕ್ಷಾ ಅದ. ಈಗ ಟೆಲಿಗೆ ನಾವ್ ಏನಂತ ಬರೀಬೇಕು?”