ಹತ್ತಕ್ಕೆ ಎರಡು ಪಡೆದ ಬಸ್ಸಿನ ಪರವಾಗಿ

'ಹತ್ತಕ್ಕೆಷ್ಟು' ಜಾಲತಾಣದ ಗೇಮ್ ವಿಮರ್ಶಕರ ಸನ್ನಿಧಿಗೆ,

ಮಾನ್ಯರೇ,

ಯುದ್ಧದ ಆಟ, ಬೇಸಾಯದ ಆಟ, ದೆವ್ವದ ಆಟ ಎಂಬ ಭೇದವೆಣಿಸದೆ, ಕಂಪ್ಯೂಟರಿನಲ್ಲಿ ಹುಟ್ಟಿದ ಆಟಗಳಿಗೆಲ್ಲ ಅಂಕ ಹಂಚಿ ಲೋಕದ ಬಿಡುವಿನ ವೇಳೆಯನ್ನು ಕಾಯುತ್ತಿರುವ ತಮಗೆ ರಾಣೆಬೆನ್ನೂರಿನ ಬೀಜದಂಗಡಿ ವಿರೂಪಾಕ್ಷಪ್ಪನ ಸಾದರ ಪ್ರಣಾಮಗಳು. ತಮ್ಮ ಕಣ್ಣು ಮತ್ತು ಅಂಕ ಹಾಕುವ ಬಲಗೈ ಕ್ಷೇಮವೆಂದು ನಂಬಿದ್ದೇನೆ. ನಾವೂ ಇಲ್ಲಿ ಕ್ಷೇಮವಾಗಿಯೇ ಇದ್ದೆವು. ತಮ್ಮ ಒಂದು ವಿಮರ್ಶೆಯ ನಂತರ ನನ್ನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಇನ್ನಷ್ಟು ಕ್ಷೇಮವಾಗಿದ್ದಾರೆ. ಅದೇ ನನ್ನ ದೂರು.

ಕಳೆದ ಮಳೆಗಾಲದಲ್ಲಿ ನನ್ನ ಹೆಂಡತಿ ನಿರ್ಮಲಾ ಹಿತ್ತಲಿನ ಹಾಸುಗಲ್ಲಿನ ಮೇಲೆ ಜಾರಿ ಎಡಗಾಲು ಮುರಿದುಕೊಂಡಳು. ದೀಪಾವಳಿಯವರೆಗೆ ಕಾಲು ನೆಲಕ್ಕೆ ಊರಕೂಡದು ಎಂದರು ಡಾಕ್ಟರು. ಮುಂಜಾನೆ ಓಣಿಯ ಎರಡೂ ತುದಿ ನೋಡಿ ಬರದಿದ್ದರೆ ಚಹಾ ಗಂಟಲಿಗೆ ಇಳಿಯದ ಹೆಂಗಸು, ಪಡಸಾಲೆಯ ಮಂಚದಲ್ಲಿ ಕುಳಿತು ಗೋಡೆ ನೋಡತೊಡಗಿದಳು. ಮಾತು ಕಡಿಮೆಯಾಯಿತು, ಊಟವೂ. ಹಾವೇರಿಯ ಕಾಲೇಜಿನಲ್ಲಿ ಪಾಠ ಮಾಡುವ ಮಗಳು ಪ್ರಿಯಾಂಕಾ ಒಂದು ಭಾನುವಾರ ತನ್ನ ಹಳೆಯ ಲ್ಯಾಪ್‌ಟಾಪ್ ತಂದು, "ಅವ್ವಾ, ಗೋಡಿ ನೋಡೂದ ಬಿಡು, ಇದರಾಗ ಆಟ ಆಡು" ಎಂದು ತಮ್ಮ ಜಾಲತಾಣ ತೆರೆದಳು. ಒಂಬತ್ತಕ್ಕಿಂತ ಕಡಿಮೆ ಅಂಕದ್ದು ಮನೆಯ ಹೊಸ್ತಿಲು ದಾಟಬಾರದೆಂಬ ಶಿಸ್ತಿನಿಂದ ಆಟಗಳನ್ನು ಆರಿಸಿಕೊಟ್ಟು ಹೋದಳು.

ತಾವು 'ದಣಿದ ಜೀವಕ್ಕೆ ಮಣ್ಣಿನ ಸಾಂತ್ವನ' ಎಂದು ಒಂಬತ್ತೂವರೆ ಕೊಟ್ಟ ಬೇಸಾಯದ ಆಟದಲ್ಲಿ ಮುಂಜಾನೆ ಬಿತ್ತಿದ್ದು ಸಂಜೆಗೆ ಕೊಯ್ಲಿಗೆ ಬರುತ್ತಿತ್ತು, ಪೆಟ್ಟಿಗೆಗೆ ಹಾಕಿದ್ದೆಲ್ಲ ಒಳ್ಳೆಯ ಬೆಲೆಗೆ ಹೋಗುತ್ತಿತ್ತು. ಬ್ಯಾಡಗಿ ದಾರಿಯಲ್ಲಿ ಮೆಣಸಿನಕಾಯಿ ಬೆಳೆಯುವ ನೆರೆಮನೆಯ ಗದಿಗೆವ್ವ ಅದನ್ನು ಬಹಳ ಹೊತ್ತು ನೋಡಿ, "ರೋಗ ಇಲ್ಲ, ದಲಾಲಿ ಇಲ್ಲ. ಇವ್ರು ಹೊಲ ಎಲ್ಲಿ ಹಿಡದಾರ ಅಂತ ಕೇಳವ್ವಾ, ನಾನೂ ಅಲ್ಲೇ ಹೊಕ್ಕೇನಿ" ಎಂದಳು. 'ಎದೆಗಟ್ಟಿ ಇದ್ದವರಿಗೆ ಮಾತ್ರ' ಎಂದು ತಾವು ಎಚ್ಚರಿಸಿದ್ದ ದೆವ್ವದ ಆಟ ನೋಡಲು ಎದುರುಮನೆಯ ಬಿಸ್ಮಿಲ್ಲಾಬಿ ಕುಳಿತರು. ಪಾಳುಮನೆಯಲ್ಲಿ ದೀಪ ಆರಿ ಆರಿ ಹತ್ತುತ್ತಿತ್ತು. "ಇಷ್ಟೊತ್ತಾತು, ಒಬ್ಬರರ ಲೈನ್‌ಮನ್ನಗ ಫೋನ್ ಮಾಡಬಾರದೇನು" ಎಂದು ಅವರು ಬೇಸರದಿಂದ ಎದ್ದು ಹೋದರು. 'ಸೋತು ಸೋತೇ ಕಲಿಯುವ ಅಪೂರ್ವ ಅನುಭವ' ಎಂದು ತಾವು ಹೊಗಳಿದ್ದ ಕತ್ತಿಕಾಳಗದ ಆಟದಲ್ಲಿ ನಿರ್ಮಲಾ ಮೊದಲ ಸೇತುವೆಯ ಮೇಲೆಯೇ ವಾರಗಟ್ಟಲೆ ಸತ್ತಳು. ಕಾಲು ಮುರಿದುಕೊಂಡು ಕುಳಿತವಳಿಗೆ ಆ ಪಾಠ ಆಗಲೇ ಆಗಿತ್ತು.

ಕೊನೆಗೆ ಅವಳು ತಮ್ಮ ಪಟ್ಟಿಯ ತಳಕ್ಕಿಳಿದು, ಒಂದು ಬಸ್ಸಿನ ಆಟದ ವಿಮರ್ಶೆಯ ಮುಂದೆ ನಿಂತಳು. 'ಕಥೆಯಿಲ್ಲ, ಶತ್ರುವಿಲ್ಲ, ಗೆಲುವಿಲ್ಲ. ಬಸ್ಸು ಹೊರಡುತ್ತದೆ, ಬಸ್ಸು ಮುಟ್ಟುತ್ತದೆ. ಯಾರಿಗಾಗಿ?' ಎಂದು ಕೇಳಿ ತಾವು ಎರಡು ಅಂಕ ಹಾಕಿದ್ದಿರಿ.

"ಇದನ್ನ ಹಾಕಿ ಕೊಡ್ರಿ" ಎಂದಳು.

"ಎರಡ ಅಂಕ ಬಂದಾವಲ್ಲ ಇದಕ್ಕ" ಎಂದೆ.

"ಬಸ್ ಮುಟ್ಟತೈತಿ ಅಂತ ಬರದಾರಲ್ರಿ. ಅಷ್ಟಾದ್ರ ಸಾಕು ನನಗ."

ಮಾನ್ಯರೇ, ಆ ಬಸ್ಸು ಯಾವುದೋ ದೇಶದ ಗುಡ್ಡಗಾಡಿನಲ್ಲಿ ಓಡುತ್ತಿತ್ತು. ನಿಲ್ದಾಣಗಳ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲವಾದ್ದರಿಂದ ಹೆಂಗಸರು ಮೂವರೂ ಸೇರಿ ಮೊದಲನೆಯದಕ್ಕೆ ಕರ್ಜಗಿಯೆಂದೂ, ನದಿಯ ಪಕ್ಕದ್ದಕ್ಕೆ ಐರಣಿಯೆಂದೂ ಹೆಸರಿಟ್ಟರು. ಮಧ್ಯಾಹ್ನದ ಕೆಲಸ ಮುಗಿದೊಡನೆ ಗದಿಗೆವ್ವ, ಬಿಸ್ಮಿಲ್ಲಾಬಿ ಬಂದು ಮಂಚದ ಎರಡು ಬದಿಗೆ ಕೂರುವರು. ನಿರ್ಮಲಾ ಬಸ್ಸು ಬಿಡುವಳು. ಕಥೆಯಿಲ್ಲವೆಂದು ತಾವು ತೀರ್ಪಿತ್ತ ಆ ಬಸ್ಸಿಗೆ ದಿನವೂ ಒಬ್ಬ ಛತ್ರಿ ಹಿಡಿದ ಹೆಂಗಸು ಹತ್ತುತ್ತಿದ್ದಳು. ಅವಳು ಗಂಡನೊಡನೆ ಜಗಳವಾಡಿ ತವರಿಗೆ ಹೊರಟವಳೆಂದು ಗದಿಗೆವ್ವ. ಅಲ್ಲ, ಆಸ್ಪತ್ರೆಯಲ್ಲಿರುವ ತಂಗಿಗೆ ಊಟ ಒಯ್ಯುವವಳೆಂದು ಬಿಸ್ಮಿಲ್ಲಾಬಿ. ಟೊಪ್ಪಿಗೆಯ ಮುದುಕನೊಬ್ಬ ನಿಧಾನವಾಗಿ ಹತ್ತುತ್ತಿದ್ದ. "ಅಜ್ಜ ಇನ್ನಾ ಕುಂತಿಲ್ಲ, ತಡಿಯವ್ವಾ" ಎಂದು ಇಬ್ಬರೂ ಕೂಗುವರು. ನಿರ್ಮಲಾ ತಡೆಯುವಳು. ತಡವಾಯಿತೆಂದು ಆಟ ಅಂಕ ಕಳೆಯುವುದು. ಅವಳು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಂಗಡಿಯಿಂದ ಬಂದರೆ ನನಗೆ ಚಹಾ ಮಾಡಿಕೊಡುವವರಿರಲಿಲ್ಲ, ಆದರೆ ನಗುವಿನ ಸದ್ದು ಬೀದಿಗೆ ಕೇಳಿಸುತ್ತಿತ್ತು. ಅವಳು ಮತ್ತೆ ಎರಡು ರೊಟ್ಟಿ ಉಣ್ಣತೊಡಗಿದ್ದಳು.

ದಸರೆಯ ಹೊತ್ತಿಗೆ ಪರದೆಯ ಮೇಲೊಂದು ಪ್ರಕಟಣೆ ಬಂತು. ವಿಮರ್ಶಕರು ಮೆಚ್ಚದ ಕಾರಣ, ಆಡುವವರು ಸಾಲದ ಕಾರಣ, ತಿಂಗಳ ಕೊನೆಗೆ ಈ ಆಟ ನಿಲ್ಲುತ್ತದೆ ಎಂದಿತ್ತು. ನಿರ್ಮಲಾ ನನ್ನನ್ನು ಕೂರಿಸಿಕೊಂಡು ತಮ್ಮ ವಿಮರ್ಶೆಯ ಕೆಳಗೆ ನಾಲ್ಕು ಸಾಲು ಬರೆಸಿದಳು: ಮರುಮೌಲ್ಯಮಾಪನ ಮಾಡಿ ಅಂಕ ಹೆಚ್ಚಿಸಬೇಕು, ಮುದುಕ ಹತ್ತುವುದನ್ನು ತಾವು ಒಮ್ಮೆ ಗಮನವಿಟ್ಟು ನೋಡಬೇಕು. ಬಹಳ ದೊಡ್ಡವರಾದ ತಾವು ಉತ್ತರಿಸುವ ಕೃಪೆ ಮಾಡಿದಿರಿ. 'ಈ ಬಗೆಯ ಆಟ ಆಡುವವರು ಯಾರೂ ಇಲ್ಲ' ಎಂದು ಬರೆದಿರಿ. ನಾನು ಅದನ್ನು ಗಟ್ಟಿಯಾಗಿ ಓದಿದಾಗ ಆ ಯಾರೂ ಅಲ್ಲದವರು ಮೂವರೂ ಮಂಚದ ಮೇಲೆಯೇ ಇದ್ದರು. ಬಿಸ್ಮಿಲ್ಲಾಬಿ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟು, "ಅವ್ರು ನಮ್ಮ ಓಣಿಗೆ ಬಂದಿಲ್ಲ, ಪಾಪ" ಎಂದರು.

ಕೊನೆಯ ದಿನ ಅಂಗಡಿ ಮುಚ್ಚಿ ನಾನೂ ಕುಳಿತೆ. ನಿರ್ಮಲಾ ಯಾವತ್ತಿಗಿಂತ ನಿಧಾನವಾಗಿ ಓಡಿಸಿದಳು. ಕೊನೆಯ ನಿಲ್ದಾಣದಲ್ಲಿ ಬಾಗಿಲು ತೆರೆದು, ಕೀಲಿಮಣೆಯಿಂದ ಕೈ ತೆಗೆದಳು. ಪರದೆ ಕಪ್ಪಾದ ಮೇಲೆ, "ಎಲ್ಲಾರೂ ಇಳದ್ರೇನು?" ಎಂದು ಕೇಳಿದಳು.

"ಇಳದ್ರವ್ವಾ. ಅಜ್ಜನೂ ಇಳದ" ಎಂದಳು ಗದಿಗೆವ್ವ. ಅಜ್ಜ ಇಳಿದದ್ದನ್ನು ನಾನು ನೋಡಿರಲಿಲ್ಲ, ಆದರೂ ಹೌದೆಂದು ತಲೆಯಾಡಿಸಿದೆ.

ಇಲ್ಲಿಗೆ ಮುಗಿದಿದ್ದರೆ ನಾನು ತಮಗೆ ತೊಂದರೆ ಕೊಡುತ್ತಿರಲಿಲ್ಲ. ಪ್ಲಾಸ್ಟರ್ ಬಿಚ್ಚಿದ ಡಾಕ್ಟರು ಕಾಲಿಗೆ ವ್ಯಾಯಾಮ ಬೇಕೆಂದರು. ಅವಳು ಮನೆಗೆ ಬಂದವಳೇ, "ಡ್ರೈವಿಂಗ್ ಸ್ಕೂಲಿಗೆ ಹೋಗಿ ನನ್ನ ಹೆಸರು ಹಚ್ಚಿ ಬರ್ರಿ. ಕ್ಲಚ್ ಒತ್ತೂದೂ ವ್ಯಾಯಾಮನ" ಎಂದಳು. ಈ ವಯಸ್ಸಿನಲ್ಲಿ ಇದೇಕೆ ಎಂದು ನಾನು ಕೇಳಿದ್ದಕ್ಕೆ, "ಅಲ್ಲಿ ಬಂದ್ ಮಾಡಿದ್ರು. ಇಲ್ಲಿ ಯಾರು ಬಂದ್ ಮಾಡ್ತಾರ ನೋಡೂಣು" ಎಂದಳು. ಕಲಿಸಿದ ನಾಸೀರ ಒಳ್ಳೆಯ ಮನುಷ್ಯ. ಅವಳ ಕೈ ಚಲೋ ಇದೆಯೆಂದೂ, ಆದರೆ ರಸ್ತೆಯ ಬದಿಗೆ ಯಾರು ನಿಂತಿದ್ದರೂ ಕಾರು ನಿಲ್ಲಿಸುತ್ತಾಳೆಂದೂ ನನಗೆ ಹೇಳಿದ. ಲೈಸೆನ್ಸ್ ಪರೀಕ್ಷೆಯಲ್ಲಿ ಅವಳು ಮೊದಲ ಸಲ ಫೇಲಾದದ್ದು ಅದಕ್ಕೇ. ನೆರಳಿಗೆ ನಿಂತಿದ್ದ ಮುದುಕನ ಮುಂದೆ ಕಾರು ನಿಲ್ಲಿಸಿ, ಆತ ಹತ್ತಲೆಂದು ಕಾದಿದ್ದಳಂತೆ. ಎರಡನೆಯ ಸಲ ಪಾಸಾದಳು.

ಈಗ ನನ್ನ ಕಾರು ನನ್ನದಲ್ಲ. ಸೋಮವಾರ ಗದಿಗೆವ್ವನ ಮೆಣಸಿನಕಾಯಿಯ ಜೊತೆ ಬ್ಯಾಡಗಿಗೆ ಹೋಗಿರುತ್ತದೆ, ಅದರ ಘಾಟಿಗೆ ನಾನು ಶನಿವಾರದವರೆಗೆ ಸೀನುತ್ತೇನೆ. ಶುಕ್ರವಾರ ಮಧ್ಯಾಹ್ನ ಬಿಸ್ಮಿಲ್ಲಾಬಿಯನ್ನು ಹಾವೇರಿಯಲ್ಲಿರುವ ಅವರ ಮಗಳ ಮನೆಗೆ ಬಿಟ್ಟುಬರುತ್ತದೆ. ಮೊನ್ನೆ ಮೂವರೂ ನಿಜವಾದ ಐರಣಿಗೆ ಹೋಗಿ, ತುಂಗಭದ್ರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡು, ಹೊತ್ತು ಮುಳುಗುವ ಮುಂಚೆ ಬಂದರು. ನನ್ನನ್ನು ಕರೆದಿರಲಿಲ್ಲ, ಸೀಟು ಭರ್ತಿಯಾಗಿತ್ತಂತೆ.

ಆದ್ದರಿಂದ ತಮ್ಮಲ್ಲಿ ಅರಿಕೆ. ತಾವು ಸಕುಟುಂಬರಾಗಿ ರಾಣೆಬೆನ್ನೂರಿಗೆ ದಯಮಾಡಿಸಿ, ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರ ನಡುವೆ ಕುಳಿತು, ಕುರಿಹಿಂಡು, ರೋಡ್ ಹಂಪು, ಎದುರಿನಿಂದ ಬರುವ ಕಬ್ಬಿನ ಟ್ರ್ಯಾಕ್ಟರ್ ಇವೆಲ್ಲವುಗಳ ದೃಶ್ಯ ಗುಣಮಟ್ಟ ಪರಿಶೀಲಿಸಿ ತಕ್ಕ ಅಂಕ ನೀಡಬೇಕು. ಕಥೆ ಸಾಲದೆಂದು ತಮಗೆ ಅನಿಸಿದರೆ ಗದಿಗೆವ್ವ ಕೂಡಲೇ ಒದಗಿಸುತ್ತಾಳೆ. ತಾವು ಸರಿಯಾಗಿ ಹತ್ತಿ ಕೂರುವವರೆಗೆ ನಿರ್ಮಲಾ ಗಾಡಿ ಅಲ್ಲಾಡಿಸುವುದಿಲ್ಲ. ಅದಕ್ಕೆ ನಾನು ಜಾಮೀನು.

ಡ್ರೈವರಳ ಪಕ್ಕದ ಸೀಟಿನಲ್ಲಿ ಜಾಗ ಸಿಕ್ಕ ದಿನಗಳಂದು ಸದಾ ತಮ್ಮನ್ನು ನೆನೆಯುವ,

ತಮ್ಮ ವಿಶ್ವಾಸಿ,
ವಿರೂಪಾಕ್ಷಪ್ಪ
ಬೀಜದ ವ್ಯಾಪಾರಿ, ರಾಣೆಬೆನ್ನೂರು

ತಾ.ಕ.: 'ಗಂಟೆಗಟ್ಟಲೆ ಬರೀ ಮೋಡ' ಎಂದು ತಾವು ಒಂದೂವರೆ ಅಂಕ ಕೊಟ್ಟಿರುವ ವಿಮಾನದ ಆಟವೊಂದನ್ನು ಅವಳು ನಿನ್ನೆಯಿಂದ ಬಹಳ ಆಸೆಯಿಂದ ನೋಡುತ್ತಿದ್ದಾಳೆ. ಕೈಮುಗಿದು ಕೇಳುತ್ತೇನೆ, ಇವತ್ತೇ ಅದಕ್ಕೆ ಹತ್ತಕ್ಕೆ ಹತ್ತು ಕೊಟ್ಟುಬಿಡಿ. ಆಮೇಲೆ ನಮ್ಮ ಮನೆಯಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ.