ಇಲಿ ಮೆದುಳಿನ ಫೋಟೋ ತೆಗೆದ ದಿನಗಳು

ರಾಮದುರ್ಗದಿಂದ ಬೈಲಹೊಂಗಲದ ತನಕ, ಇಲಿಯ ತಲೆ ಒಡೆಯದೆ ಅದರ ಮೆದುಳಿನ ಉರಿಯೂತ ನೋಡಿದ ಮೊದಲ ಮನುಷ್ಯ ನಾನು. ಅಲ್ಲ ಅನ್ನುವವರು ಯಾರೂ ಉಳಿದಿಲ್ಲ. ಡಾಕ್ಟರ್ ಬಾಯಾರು ಮದುವೆಯಾಗಿ ಗುವಾಹಟಿಗೆ ಹೋದರು, ಫೋಟೋ ತೆಗೆದ ಮಷೀನು ಗುಜರಿಗೆ ಹೋಯಿತು, ಇಲಿಗಳು ಸತ್ತೇ ಹೋದವು. ಇಂಥವೆಲ್ಲ ನನ್ನ ಪಾಲಿಗೇ ಯಾಕೆ ಬರುತ್ತವೋ ಗೊತ್ತಿಲ್ಲ. ಬಂದಾಗ ಬಿಡುವವನು ನಾನಲ್ಲ.

ಇದು ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಕಿತ್ತೂರಿನ ಹತ್ತಿರ ಹೈವೇ ಬದಿಗೆ ಒಂದು ಸಂಶೋಧನಾ ಕೇಂದ್ರ ಇತ್ತು. ಅಲ್ಲಿ ಹೆಬ್ಬೆರಳಿನಷ್ಟು ಬಿಳಿ ಇಲಿಗಳ ಕಾಳು ನೀರು ನೋಡುವ ಕೆಲಸ ನನ್ನದು. ಸಾಲಿ ಕಟ್ಟಿ ಹತ್ತಿ ಕಲಿತವನಲ್ಲ, ಆದರೂ ಸಂಶೋಧನೆ ನಡೆಸುವ ಲೇಡಿ ಡಾಕ್ಟರು, ನಮ್ಮ ಬಾಯಾರು, ಒಮ್ಮೆ ಹೇಳಿದ್ದು ತಲೆಗೆ ಹೋಯಿತು. ಮೊದಲು ಇಲಿಯ ಮೆದುಳಿನಲ್ಲಿ ಉರಿಯೂತ ಎಬ್ಬಿಸುವುದು. ಆಮೇಲೆ ವಿಕಿರಣ ಸೂಸುವ ಔಷಧ ಬಾಲದ ನರಕ್ಕೆ ಚುಚ್ಚುವುದು. ಅದು ರಕ್ತದಲ್ಲಿ ಹೋಗಿ ಉರಿಯೂತ ಇದ್ದಲ್ಲೇ ಅಂಟಿ ಕೂಡುತ್ತದೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಮಷೀನಿಗೆ ಕಾಣುತ್ತದೆ. ಪರದೆ ಮೇಲೆ ಹಳದಿ ಚುಕ್ಕಿ ಮೂಡುತ್ತದೆ.

ಆ ಮಳೆಗಾಲ ಮುಗಿಯುವುದರೊಳಗೆ ದಿಲ್ಲಿಯಿಂದ ಬರುವ ದೊಡ್ಡವರಿಗೆ ಆ ಚುಕ್ಕಿ ತೋರಿಸಬೇಕಿತ್ತು. ಇಲ್ಲವಾದರೆ ಕೆಲಸ ಬಂದ್. ಬಾಯಾರ ಮೂರು ವರ್ಷದ ದುಡಿಮೆ ಮಣ್ಣುಪಾಲು, ನಾನು ಸಾಲಹಳ್ಳಿಯ ಮನಿಗೆ.

೧. ಸೋಮವಾರ

ಔಷಧ ಮುಂಬೈಯಿಂದ ಬೆಳಗಾವಿಗೆ ಬಂದು, ಅಲ್ಲಿಂದ ಸೀಸದ ಡಬ್ಬಿಯಲ್ಲಿ ಕುಂತು ನಮ್ಮ ಜೀಪಿನಲ್ಲಿ ಬರುತ್ತಿತ್ತು. ಮೊದಲ ಸಲ ಬಂದದ್ದು ಸೋಮವಾರ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ದುಡಿಯುವ ಪ್ರಾಣಿ ಅಂದಮೇಲೆ ಎಲ್ಲಕ್ಕೂ ಒಂದೇ ನ್ಯಾಯ. ಇಲಿ ಕೋಣೆಗೆ ಕೀಲಿ ಹಾಕಿ ಬಾಗಿಲಲ್ಲಿ ಕುಂತೆ.

"ಕಾಕಾ, ಕೀಲಿ ಕೊಡ್ರಿ. ಈ ಔಷಧ ಆರು ತಾಸಿಗೆ ಅರ್ಧ ಖಾಲಿ ಆಗತೈತಿ," ಅಂದರು ಬಾಯಾರು.

"ಉಳದ ಅರ್ಧ ನಾಳೆ ಹಾಕೂಣ್ರಿ."

"ನಾಳೆಗೆ ಹದಿನಾರರಾಗ ಒಂದು ಪಾಲು ಉಳೀತೈತಿ."

ಜೀಪಿನ ಡ್ರೈವರು ಬೈಲಹೊಂಗಲದ ಸಾಬರು. ಗಾಲಿಗೆ ಒರಗಿ ಬೀಡಿ ಹಚ್ಚಿದರು. "ನನ್ನ ಜೀಪೂ ಮುಂಜಾನಿಂದ ದುಡದೈತಿ ಕಾಕಾ. ಅದಕ್ಕೂ ಒಂದು ಸೋಮವಾರ ಬರಕೊಡ್ರಿ."

ಸೋಮವಾರದ ಬದಲು ಮಂಗಳವಾರ ಇಲಿಗಳಿಗೆ ಸೂಟಿ ಅಂತ ಮಾತಾದ ಮೇಲೆ ಕೀಲಿ ಕೊಟ್ಟೆ. ಅಷ್ಟರಲ್ಲಿ ಔಷಧ ಅರ್ಧಕ್ಕೆ ಬಂದಿತ್ತು. ಚುಕ್ಕಿ ಮೂಡಲಿಲ್ಲ. ಸೂಟಿ ಮಾತ್ರ ಗಟ್ಟಿಯಾಯಿತು.

೨. ಬಾಲ

ಎರಡನೆಯ ಸಲ ಬಾಲ ಹಿಡಿಯಲು ನಾನೇ ಮುಂದೆ ಹೋದೆ. "ನೂರು ಎತ್ತಿನ ಬಾಲ ತಿರುವಿದ ಕೈ ಇದು, ನೀವು ಚುಚ್ಚರಿ," ಅಂದೆ. ಹಿಡಿದ ಹಿಡಿತಕ್ಕೆ ಇಲಿ ಅಲುಗಲಿಲ್ಲ. ಔಷಧವೂ ಅಲುಗಲಿಲ್ಲ.

ಫೋಟೋ ನೋಡಲು ಕೇಂದ್ರದ ದೊಡ್ಡ ಸಾಹೇಬರು ಬಂದರು. ತಲೆಯೆಲ್ಲ ಕತ್ತಲೆ, ಬಾಲದ ಬುಡದಲ್ಲಿ ಹಬ್ಬದ ದೀಪ ಹಚ್ಚಿದಂಗ ಬೆಳಕು.

"ಈ ಇಲಿ ಮೆದುಳು ಎಲ್ಲೈತ್ರಿ?" ಸಾಹೇಬರು ಕೇಳಿದರು.

"ಫೋಟೋ ಪ್ರಕಾರ ಬಾಲದಾಗ ಐತ್ರಿ. ಕೆಲವರಿಗೆ ಹಂಗ ಇರತೈತಿ," ಅಂತ ಬಾಯಾರು ನನ್ನ ಕಡೆ ನೋಡಿದರು.

ನಾನು ಸಾಹೇಬರ ಕಡೆ ನೋಡಿದೆ.

೩. ಪಟಕಾ

ಮೂರನೆಯದೇ ಕಡೆಯ ಔಷಧ. ದಿಲ್ಲಿಯವರು ಬಂದು ಹೊರಗಿನ ಕೋಣೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು. ನರ ಉಬ್ಬಲಿ ಅಂತ ಇಲಿಯ ಬಾಲಕ್ಕೆ ಕೆಂಪು ಬಲ್ಬಿನ ಶಾಖ ಕೊಟ್ಟಿದ್ದೆವು. ಸೆಕೆ ತಾಳದೆ ನಾನು ತಲೆಗೆ ಕಟ್ಟಿದ್ದ ಪಟಕಾ ತೆಗೆದು, ಸುತ್ತಿದ್ದು ಸುತ್ತಿದಂಗ ಟೇಬಲ್ಲಿನ ಮೇಲಿಟ್ಟೆ. ಈ ಸಲ ಬಾಲವನ್ನು ಬಾಯಾರೇ ಹಿಡಿದು ಚುಚ್ಚಿದರು. ಔಷಧ ಸರಿಯಾಗಿ ನರಕ್ಕೆ ಹೋಯಿತು. ಮೆದುಳಿಗೆ ಮುಟ್ಟಲು ಅರ್ಧ ತಾಸು. ಪಂಜರದ ಮುಚ್ಚಳ ಹಾಕುವುದು ನನ್ನ ಪಾಲಿಗೆ ಬಿಟ್ಟು ಅವರು ಮಷೀನಿನ ಕಡೆ ಹೋದರು.

ನಾನು ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ದಿಲ್ಲಿಯವರನ್ನು ನೋಡಿದೆ. ಒಳಗೆ ಬಂದು ಪಟಕಾ ತಲೆಗೆ ಇಟ್ಟುಕೊಂಡು ತಿರುಗಿದರೆ ಪಂಜರ ಖಾಲಿ.

ವಿಕಿರಣ ಇದ್ದಲ್ಲಿ ಕಿರಗುಡುವ ಮೀಟರು ಒಂದಿತ್ತು, ಅದನ್ನು ಹಿಡಿದು ಹುಡುಕಲು ಹೊರಟೆ. ಅಡಿಗಿ ಮನಿಯಲ್ಲಿ ಕಿರಗುಟ್ಟಿತು. ಪಾಯಖಾನೆಯಲ್ಲಿ ಕಿರಗುಟ್ಟಿತು. ಸಾಹೇಬರ ಕುರ್ಚಿಯ ಹತ್ತಿರವೂ ಕಿರಗುಟ್ಟಿತು. "ಔಷಧ ಇಡೀ ಬಿಲ್ಡಿಂಗಿಗೆ ಹರಡೇತಿ, ಎಲ್ಲಾರೂ ಹೊರಗ ನಡೀರಿ," ಅಂದೆ. ದಿಲ್ಲಿಯವರು ಉಪ್ಪಿಟ್ಟಿನ ತಾಟು ಸಮೇತ ಜಿಟಿಜಿಟಿ ಮಳೆಯಲ್ಲಿ ಹೈವೇಗೆ ಹೋಗಿ ನಿಂತರು. ಅಲ್ಲಿಯೂ ಮೀಟರು ಕಿರಗುಟ್ಟಿತು.

ಸಾಬರು ಜೀಪಿನಿಂದ ಇಳಿದು ಬಂದರು. "ಕಾಕಾ, ಮೀಟರ್ ಇಳಿಸಿದ್ರ ಸುಮ್ಮನಾಗತೈತಿ, ಮ್ಯಾಲೆತ್ತಿದ್ರ ಬಾಯಿ ಮಾಡತೈತಿ."

ಬಾಯಾರು ನನ್ನ ಪಟಕಾ ಇಳಿಸಿ ಸುತ್ತು ಸುತ್ತಾಗಿ ಬಿಚ್ಚಿದರು. ಮೂರನೆಯ ಸುತ್ತಿನಲ್ಲಿ ಇಲಿ ಬೆಚ್ಚಗೆ ನಿದ್ದೆ ಮಾಡುತ್ತಿತ್ತು. ಅದನ್ನು ಹಾಗೇ ಒಯ್ದು ಮಷೀನಿಗೆ ಕೊಟ್ಟರು. ಹಳದಿ ಚುಕ್ಕಿ ಇರಬೇಕಾದಲ್ಲೇ ಮೂಡಿತು. ದಿಲ್ಲಿಯವರು ತಲೆ ಒರೆಸಿಕೊಳ್ಳುತ್ತ ಹೂಂ ಅಂದರು. ಕೆಲಸ ಮತ್ತೆ ಎರಡು ವರ್ಷ ನಡೆಯಿತು.

ಮೊನ್ನೆ ಮನೋಳಿಯ ಬೀಗತಿ ಸವದತ್ತಿ ಸಂತೆ ಮುಗಿಸಿ ನಮ್ಮ ಮನಿಗೆ ಬಂದಿದ್ದರು. ಅವರಿಗೂ ಇದೆಲ್ಲ ಹೇಳಿ, "ಇಲಿಗೆ ಥಂಡಿ ಆಗಬಾರದು ಅಂತ ನಾನ ಬೇಕಂತ ಪಟಕಾದಾಗ ಇಟಗೊಂಡಿದ್ದೆ," ಅಂದೆ.

ಬೀಗತಿ ಎಲೆಗೆ ಸುಣ್ಣ ಹಚ್ಚುವುದು ಬಿಟ್ಟು ಕೇಳಿದರು: "ತಲಿ ಮ್ಯಾಲ ಐತಿ ಅಂತ ಗೊತ್ತಿದ್ರ, ಮಂದಿನ್ನೆಲ್ಲ ಮಳ್ಯಾಗ ಯಾಕ ಹೊರಗ ಹಾಕಿದ್ರಿ ಬೀಗರ?"

ನಾನು ಹೆಗಲ ಮೇಲಿನ ಟಾವೆಲ್ ಝಾಡಿಸಿದೆ.

"ಇಲಿ ಮಲಗಿತ್ರಿ. ಒಳಗ ಭಾಳ ಗದ್ದಲ ಇತ್ತು."